ಸಗೀರಾ ಚಾಚಿ ನೀರು ದಾಟಿದ್ದು

ಹೋದ ವಾರ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಸಗೀರಾ ಚಾಚಿ ಜಗಳಕ್ಕೆ ಬಿದ್ದಿದ್ದಳು. ಎದುರಿಗೆ ಮೋರಟಗಿಯ ಶೆಟ್ಟೆವ್ವ, ಪಕ್ಕದಲ್ಲಿ ಅವಳ ತುಂಬು ಬಸುರಿ ಸೊಸೆ. ಸೊಸೆಯನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ತೋರಿಸಿಕೊಂಡು ಬರ್ರಿ ಎಂದು ಡಾಕ್ಟರರು ಹೇಳಿದ್ದರು. ಕಲಬುರಗಿಗೆ ಹೋಗಬೇಕೆಂದರೆ ಭೀಮಾ ಹೊಳೆಯ ಸೇತುವೆ ದಾಟಬೇಕು. ಶೆಟ್ಟೆವ್ವ ಬಸ್ಸಿನ ಬಾಗಿಲ ತನಕ ಬಂದು ಅಲ್ಲೇ ನಿಂತುಬಿಟ್ಟಿದ್ದಳು.

"ತುಂಬಿದ ಬಸರಿನ್ನ ಹೊಳಿ ದಾಟಸಬಾರದು ಅಂತ ನನಗ ಹೇಳಿಕೊಟ್ಟಾಕಿನ ನೀನು! ನನ್ನ ಮಗಳ ಬಾಣಂತನಕ್ಕ ಬಂದಾಗ ನಮ್ಮ ಪಡಸಾಲ್ಯಾಗ ಕುಂತು ಹೇಳಿದ್ದಿ. ಈಗ್ಯಾಕ ಉಲ್ಟಾ ಮಾತಾಡ್ತಿ?" ಎಂದು ಶೆಟ್ಟೆವ್ವ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಹೌದು, ಹೇಳಿದ್ದೆ. ಅದಽ ಬಾಯಿಲೆ ಈಗ ದಾಟು ಅಂತ ಹೇಳಾಕತ್ತೇನಿ. ಸರಿ ಅತ್ತಾಗ," ಎಂದ ಚಾಚಿ ಆ ಹುಡುಗಿಯ ರಟ್ಟೆ ಹಿಡಿದು ಬಸ್ ಹತ್ತಿಸಿದಳು. ಹತ್ತಿಸಿ ಇಳಿಯಲಿಲ್ಲ, ತಾನೂ ಪಕ್ಕದಲ್ಲಿ ಕೂತಳು. ಅವಳಿಗೆ ಕಲಬುರಗಿಯಲ್ಲಿ ಕೆಲಸವೇನೂ ಇರಲಿಲ್ಲ. ಇಂಡಿಯಲ್ಲಿ ಒಂದು ಬಾಣಂತನ ಮುಗಿಸಿ ಮನೆಗೆ ಹೊರಟಿದ್ದವಳು.

ನಾನು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಅದೇ ಬಸ್ಸಿನಲ್ಲಿ ಕಲಬುರಗಿಗೆ ಹೊರಟಿದ್ದೆ. ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಚಾಚಿಗೆ ನಿದ್ದೆ ಬಂದಿತ್ತು, ಬಾಯಿ ತೆರೆದುಕೊಂಡು ಮಲಗಿದ್ದಳು. ಆದರೆ ಸೇತುವೆ ಬಂದಾಗ ಯಾರೂ ಎಬ್ಬಿಸದೆ ಎದ್ದಳು. ಹುಡುಗಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೇತುವೆ ಮುಗಿಯಿತು, ಕೈ ಬಿಟ್ಟಳು, ಮತ್ತೆ ನಿದ್ದೆ ಹೋದಳು.

ಚಾಚಿಗೆ ಏನಾಗಿದೆ ಎಂದು ನಮ್ಮ ದೇವರ ಹಿಪ್ಪರಗಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ತಲೆ ಕೆಟ್ಟಿದೆ ಅನ್ನುವವರಿದ್ದಾರೆ. ವಿಮಾನ ಹತ್ತಿ ಬಂದ ಮೇಲೆ ಸೊಕ್ಕು ಬಂದಿದೆ ಅನ್ನುವವರೂ ಇದ್ದಾರೆ, ಅವರ ನಾಲಿಗೆಗೆ ಹುಳ ಬೀಳಲಿ. ನಡೆದದ್ದನ್ನು ಬರೆಯಲೇನು ಎಂದು ನಾನು ಚಾಚಿಯನ್ನೇ ಕೇಳಿದ್ದಕ್ಕೆ, "ಬರೀರಿ ಅಕ್ಕೋರ, ನಾಕ್ ಮಂದಿ ಓದ್ಲಿ, ನನಗ ಎಲ್ಲಾರಿಗೂ ಹೇಳಿ ಹೇಳಿ ಸಾಕಾಗೇತಿ," ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಸಗೀರಾ ಚಾಚಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಗಂಡ ಮೈಬೂಬ ಗೌಂಡಿ ಕೆಲಸ ಮಾಡುತ್ತಿದ್ದ, ಮಗಳು ನಿಷತ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡ. ಅಲ್ಲಿಂದ ಚಾಚಿ ಬಾಣಂತನ ಮಾಡಲು ಶುರು ಮಾಡಿದಳು. ಮಾಡಿಸಿಕೊಳ್ಳುವವರಿಗೆ ಅದು ಸುಖ, ಮಾಡುವವಳಿಗೆ ಕತ್ತೆ ಚಾಕರಿ. ಬೆಳಗಾಗುವ ಮುಂಚೆ ಒಲೆ ಹಚ್ಚಬೇಕು, ಹಂಡೆ ನೀರು ಕಾಯಿಸಬೇಕು, ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯಬೇಕು, ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು, ಹೊಗೆ ಹಾಕಬೇಕು, ಹೊಟ್ಟೆ ಕಟ್ಟಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ಯಾರ ಬಚ್ಚಲಲ್ಲಿ ಹೊಗೆ ಕಟ್ಟುತ್ತದೆ, ಯಾವ ಅತ್ತೆ ಎಣ್ಣೆಯಲ್ಲಿ ಕೈ ಬಿಗಿ ಹಿಡಿಯುತ್ತಾಳೆ, ಎಲ್ಲ ಅವಳಿಗೆ ಗೊತ್ತು. ಗೌಡರ ಮನೆ, ಕುರುಬರ ಮನೆ, ತನ್ನವರ ಮನೆ ಎಂದು ಭೇದವಿಲ್ಲ. ನನ್ನ ಎರಡೂ ಮಕ್ಕಳಿಗೆ ಅವಳೇ ಎರೆದದ್ದು.

ಹಾಗೆ ದುಡಿದು ದುಡಿದು ಅವಳಿಗೆ ಕೂತಲ್ಲೇ ನಿದ್ದೆ ಮಾಡುವ ಚಾಳಿ ಹತ್ತಿತು. ಮೊಣಕಾಲು ಹೋಗಿದ್ದವು. ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಲು ಕೂತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. "ಇನ್ನ ಸಾಕ್ರಿ ಅಕ್ಕೋರ. ನಮ್ಮ ನಿಷತಂದೊಂದು ಬಾಣಂತನ ಮಾಡ್ತೇನಿ, ಆಕಿ ಕೂಸಿಗೆ ನನ್ನ ಕಾಲ ಮ್ಯಾಲ ಎರಿತೇನಿ. ಅದಾತಂದ್ರ ಕಾಲು ಮಡಚಿ ಮ್ಯಾಲಿಟ್ಟಬಿಡ್ತೇನಿ," ಎನ್ನುತ್ತಿದ್ದಳು.

ಆ ಒಂದು ಬಾಣಂತನವೇ ಕೂಡಿಬರಲಿಲ್ಲ. ನಿಷತಳನ್ನು ಮುದ್ದೇಬಿಹಾಳದ ತಬ್ರೇಜನಿಗೆ ಕೊಟ್ಟಿದ್ದರು. ಒಳ್ಳೆಯ ಹುಡುಗ, ಗಣಿತದ ಮಾಸ್ತರ. ಇಲ್ಲಿ ಕಾಯಂ ನೌಕರಿ ಸಿಗದೆ ಮಾಲ್ಡೀವ್ಸಿನ ಒಂದು ಚಿಕ್ಕ ದ್ವೀಪದ ಶಾಲೆಗೆ ಸೇರಿದ. ನಿಷತ ಜೊತೆಗೆ ಹೋದಳು. ಅಲ್ಲಿ ಅವಳಿಗೆ ಎರಡು ಸಲ ಬಸಿರು ನಿಂತಿತು, ಎರಡು ಸಲವೂ ಮೂರು ತಿಂಗಳು ತುಂಬುವಷ್ಟರಲ್ಲಿ ಹೋಯಿತು. ಹಾಗಾಗಿ ಮೂರನೆಯದು ನಿಂತು ಏಳು ತಿಂಗಳು ದಾಟಿದಾಗ ಚಾಚಿ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆ ದೇಶವೇ ಹಾಗೆ. ಸಮುದ್ರದಲ್ಲಿ ಕಾಳು ಚೆಲ್ಲಿದ ಹಾಗೆ ದ್ವೀಪಗಳು. ಒಂದರಲ್ಲಿ ಶಾಲೆ ಇದ್ದರೆ ಆಸ್ಪತ್ರೆ ಇನ್ನೊಂದರಲ್ಲಿ. ನಿಷತಳ ದ್ವೀಪದಲ್ಲಿ ಇದ್ದದ್ದು ಶಾಲೆ, ಮಸೀದಿ, ಒಬ್ಬ ಡಾಕ್ಟರರ ದವಾಖಾನೆ. ವಾರಕ್ಕೆರಡು ಸಲ ಒಂದು ಸಣ್ಣ ವಿಮಾನ ಬರುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಎರಡು ದೋಣಿ, ದೋಣಿಗಳ ಕೆಳಗೆ ಗಾಲಿ. ಸಣ್ಣ ದ್ವೀಪಗಳಲ್ಲಿ ನೀರ ಮೇಲೆ ಇಳಿಯುತ್ತದೆ, ದೊಡ್ಡ ಆಸ್ಪತ್ರೆಯಿರುವ ದ್ವೀಪದಲ್ಲಿ ಗಾಲಿ ಬಿಟ್ಟು ನೆಲದ ಮೇಲೆ ಇಳಿಯುತ್ತದೆ. ಟಪಾಲು, ಔಷಧ, ಮಾಸ್ತರರು, ರೋಗಿಗಳು ಎಲ್ಲ ಅದರಲ್ಲೇ. ನೀರು ಕಣ್ಣಿಗೆ ಕಂಡರೆ ಮಾತ್ರ ಅದು ಇಳಿಯುವುದು, ಹೊತ್ತು ಮುಳುಗಿತೋ ಇಲ್ಲ.

ಒಂದು ಸಂಜೆ ನಿಷತ ವಿಡಿಯೋ ಕಾಲ್ ಮಾಡಿದಾಗ ನಾನು ಚಾಚಿಯ ಮನೆಯಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದೆ.

"ಅಮ್ಮಾ, ಮಾಸು ಕೂಸಿನ ಕೆಳಗ ಬಂದು ದಾರಿಗೆ ಅಡ್ಡ ಕುಂತೈತಂತ. ಊರಿಗೆ ಬರೂವಷ್ಟು ದೂರ ಹೋಗಬ್ಯಾಡ ಅಂದಾರ ಡಾಕ್ಟರ್. ಆದ್ರ ದೊಡ್ಡ ದವಾಖಾನಿ ಇದ್ದ ನಡುಗಡ್ಡಿಗೆ ಈಗಽ ಹೋಗಿ, ಹಡಿಯೂ ತನಕ ಅಲ್ಲೇ ಇರ್ಬೇಕಂತ. ಬರೂ ವಾರದ ಇಮಾನಕ್ಕ ಸೀಟು ಹಿಡಿದಾರ," ಎಂದಳು ನಿಷತ.

ಚಾಚಿಯ ಮುಖ ಬಿಗಿಯಿತು. "ತುಂಬಿದ ಬಸರು ಹೊಳಿ ದಾಟೂದಿಲ್ಲ ನಮ್ಮಲ್ಲಿ. ನೀ ಸಮುದ್ರ ದಾಟ್ತೀಯೇನು? ಎರಡು ಹೋಗ್ಯಾವ, ನೆಪ್ಪೈತಿ ಇಲ್ಲೋ? ಸೀಟು ಬ್ಯಾಡ ಅನ್ನು. ನಾನಽ ಬರ್ತೇನಿ. ನೀ ಇದ್ದಲ್ಲೇ ಇರು."

ಈ ಮಾತು ನಮ್ಮ ಸೀಮೆಯದು, ಅವಳೊಬ್ಬಳದಲ್ಲ. ಮೇಲೆ ಭೀಮಾ, ಕೆಳಗೆ ಕೃಷ್ಣಾ, ನಡುವೆ ಡೋಣಿ, ಇವುಗಳ ಮಧ್ಯೆ ಬದುಕಿದ ಜನ ನಾವು. ಹಿಂದೆ ಹರಗೋಲಿನಲ್ಲಿ ದಾಟುವಾಗ ನಡುನೀರಿನಲ್ಲಿ ಹೆರಿಗೆ ಬೇನೆ ಬಂದು ಎಷ್ಟು ಹೆಣ್ಣುಮಕ್ಕಳು ಹೋದರೋ, ಅದಕ್ಕೆ ಯಾರೋ ಪುಣ್ಯಾತ್ಮರು ದಾಟಬೇಡಿ ಎಂದರು. ಆಮೇಲೆ ಎಲ್ಲ ಹೊಳೆಗೂ ಸೇತುವೆ ಬಂದವು. ಮಾತು ಮಾತ್ರ ದಂಡೆಯ ಮೇಲೆ ಹಾಗೇ ಉಳಿಯಿತು. ಚಾಚಿ ಅದನ್ನು ಮನೆ ಮನೆಗೂ ಒಯ್ದು ಮುಟ್ಟಿಸಿದ್ದಳು.

ನಾನು ಅವತ್ತೇ ಅವಳ ಜೊತೆ ಹರಕೊಂಡು ಜಗಳಾಡಿದೆ. "ಅಲ್ಲ ಚಾಚಿ, ನಿನ್ನ ಮಗಳು ನೀರಿನ ನಡಕಽ ಕುಂತಾಳ. ಎಲ್ಲಿಗೆ ಹೋಗಬೇಕಂದ್ರೂ ದಾಟಬೇಕಲ್ಲ! ಮಾಸು ಅಡ್ಡ ಬಂದೈತಿ ಅಂದ್ರ ಆಟ ತಿಳದಿಯೇನು?" ಎಂದೆ.

"ಅಂಥಾವು ಎಷ್ಟ್ ನೋಡೀನ್ರಿ ನಾ. ದಿನಾ ತುಂಬೂದ್ರಾಗ ತಾನಽ ಮ್ಯಾಲ ಸರಿತೈತಿ. ನೀವು ಸಾಲಿ ಕಲಸ್ರಿ, ಬಸರು-ಬಾಣಂತನ ನನಗ ಬಿಡ್ರಿ," ಎಂದಳು. ನಾನು ಸಿಟ್ಟಿನಿಂದ ಅವರೆಕಾಯಿ ಅಲ್ಲೇ ಬಿಟ್ಟು ಎದ್ದು ಬಂದೆ. ನಿಷತ ಸೀಟು ಬೇಡವೆಂದಳು. ಎರಡು ಸಲ ಕಳೆದುಕೊಂಡವಳಿಗೆ ತಾಯಿಯ ಮಾತೇ ದೊಡ್ಡದಾಯಿತು. ತಬ್ರೇಜ ಬೈದ, ಗೋಗರೆದ, ಕೇಳಲಿಲ್ಲ.

ಚಾಚಿಗೆ ಪಾಸ್‌ಪೋರ್ಟ್ ಮೊದಲೇ ಇತ್ತು, ಉಮ್ರಾಕ್ಕೆ ಹೋಗಬೇಕೆಂದು ಮಾಡಿಸಿದ್ದು. ತಬ್ರೇಜನ ಸ್ನೇಹಿತ ಜಾಹಿದ ಅಲ್ಲೇ ಇನ್ನೊಂದು ದ್ವೀಪದಲ್ಲಿ ಮಾಸ್ತರ, ರಜೆಗೆ ಬಂದವನು ವಾಪಸ್ ಹೊರಟಿದ್ದ. ಅವನ ಬೆನ್ನು ಹತ್ತಿದಳು. ಬಾಣಂತಿಗೆ ಅಂಟಿನ ಉಂಡಿ, ಅಳ್ವಿ ಕಾಳು, ಹೊಗೆಗೆ ಲೋಬಾನ, ಗಾಣದ ಎಣ್ಣೆ, ಕಂಬಳಿ, ಕೂಸಿಗೆ ಹಳೆ ಸೀರೆಯಲ್ಲಿ ಹೊಲಿದ ಮೆತ್ತನೆ ಕುಬ್ಬಸ, ಗಂಟು ಕಟ್ಟಿದ್ದೇ ಕಟ್ಟಿದ್ದು. ದೊಡ್ಡ ವಿಮಾನ ಇಳಿದು ನೀರಿನ ವಿಮಾನ ಹತ್ತುವಲ್ಲಿ ಅವಳನ್ನೂ ಗಂಟಿನ ಸಮೇತ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರಂತೆ. "ನನ್ನನ್ನ ಏನ್ ತೊಗರಿ ಚೀಲ ಅಂತ ತಿಳದಾರೇನಪಾ," ಎಂದು ಜಾಹಿದನಿಗೆ ಬೈದಳಂತೆ. ಅರ್ಧ ಸಾಮಾನು ಆಮೇಲೆ ದೋಣಿಯಲ್ಲಿ ಬರುತ್ತದೆ ಎಂದರು. ಎಣ್ಣೆ, ಉಂಡಿ, ಕುಬ್ಬಸ ಮಾತ್ರ ಬಿಡಲಿಲ್ಲ ಅವಳು.

ವಿಮಾನದ ಚಾಲಕನ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲವಂತೆ. ಇದನ್ನು ಹೇಳುವಾಗ ಮಾತ್ರ ಚಾಚಿ ಈಗಲೂ ನಗುತ್ತಾಳೆ. ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಕಲಮಾ ಓದುತ್ತ ಕೂತಳು. ನಮ್ಮ ಸಿಂದಗಿ ಬಸ್ಸು ಹಳ್ಳಿ ಹಳ್ಳಿಗೆ ನಿಲ್ಲುವ ಹಾಗೆ ಅದು ದ್ವೀಪ ದ್ವೀಪಕ್ಕೆ ಇಳಿಯಿತು, ಒಂದು ಕಡೆ ಔಷಧದ ಡಬ್ಬಿ ಕೊಟ್ಟಿತು, ಒಂದು ಕಡೆ ಜಾಹಿದನನ್ನು ಇಳಿಸಿತು. ಅಂಜಿಕೆಯ ನಡುವೆಯೂ ಚಾಚಿಗೆ ನಿದ್ದೆ ಬಂತು. ಎದ್ದಾಗ ವಿಮಾನ ಬಂದು ನಿಲ್ಲುವ ಕಟ್ಟಿಗೆಯ ಕಟ್ಟೆಯ ಮೇಲೆ ತುಂಬಿದ ಹೊಟ್ಟೆ ಹೊತ್ತು ನಿಷತ ನಿಂತಿದ್ದಳು.

ಕೆಲವು ದಿನ ಚೆನ್ನಾಗಿಯೇ ಹೋದವು. ತಾಯಿ ಮಗಳು ಹಳೆಯದೆಲ್ಲ ಮಾತಾಡಿದರು. ಅಲ್ಲಿಯ ಮೀನು, ತೆಂಗಿನಕಾಯಿ ಚಾಚಿಗೆ ಸೇರಲಿಲ್ಲ. ಒಯ್ದಿದ್ದ ಕಟಕ ರೊಟ್ಟಿ ಮುರಿದುಕೊಂಡು ತಿಂದಳು.

ಆಮೇಲೆ ಒಂದು ದಿನ ಇಳಿಹೊತ್ತಿನಲ್ಲಿ, ಅಸರ್ ನಮಾಜಿನ ವೇಳೆಗೆ, ನಿಷತ ಹೊಸ್ತಿಲಲ್ಲಿ ನಿಂತು "ಅಮ್ಮಾ" ಎಂದಳು. ನೋವಿಲ್ಲ, ಬೇನೆಯಿಲ್ಲ. ಬರೀ ರಕ್ತ. ಕಾಲಗುಂಟ ಇಳಿದು ಹೊಸ್ತಿಲು ತೋಯ್ದಿತ್ತು. ಚಾಚಿ ಎಷ್ಟೋ ರಕ್ತ ನೋಡಿದವಳು, ಇಷ್ಟು ಸುಮ್ಮನೆ ಹರಿಯುವ ರಕ್ತ ನೋಡಿರಲಿಲ್ಲ. ಮಗಳನ್ನು ಹಿಡಿದುಕೊಂಡು ತಬ್ರೇಜನನ್ನು ಕೂಗಿದಳು.

ದವಾಖಾನೆಯ ಡಾಕ್ಟರು ನೋಡಿದವರೇ ಫೋನಿಗೆ ಬಿದ್ದರು. ಕೊಯ್ದೇ ಕೂಸನ್ನು ತೆಗೆಯಬೇಕು, ಅದು ಇಲ್ಲಿ ಆಗುವುದಲ್ಲ. ಗಾಳಿ ಎದ್ದಿತ್ತು, ದೋಣಿಯಲ್ಲಿ ಹೋದರೆ ತಾಸುಗಟ್ಟಲೆ. ಪಕ್ಕದ ದ್ವೀಪಕ್ಕೆ ಟಪಾಲು ತಂದಿದ್ದ ವಿಮಾನವನ್ನು ತಿರುಗಿಸಿದರು. ಅದು ಬಂದು ನೀರಿಗಿಳಿದಾಗ ಸೂರ್ಯ ಸಮುದ್ರದ ಅಂಚಿಗೆ ಇಳಿಯತೊಡಗಿದ್ದ. ಒಳಗೆ ಬೇರೆ ದ್ವೀಪಗಳ ಜನ. ಕುರ್ಚಿ ಮಡಚಿ ನಿಷತಳನ್ನು ಮಲಗಿಸಲು ಜಾಗ ಮಾಡಿದರು. ಜೊತೆಗೆ ಒಬ್ಬರಿಗಷ್ಟೇ ಜಾಗ ಎಂದರು. ಆಪರೇಷನ್ನಿಗೆ ಸಹಿ ಹಾಕಲು ಗಂಡನೇ ಬೇಕು.

ನಿಷತಳನ್ನು ಸ್ಟ್ರೆಚರಿನ ಮೇಲೆ ಕಟ್ಟೆಗೆ ತಂದಾಗ ಅವಳು ಅಲ್ಲಿನ ಕಂಬ ಹಿಡಿದುಬಿಟ್ಟಳು.

"ನಾ ದಾಟಂಗಿಲ್ಲ. ಅಮ್ಮಾ, ಹೇಳಮ್ಮಾ ಇವ್ರಿಗೆ. ದಾಟಬ್ಯಾಡ ಅಂತ ನೀನಽ ಹೇಳಿದ್ದಿ. ಇದೂ ಹೋಗ್ತೈತಿ ಅಮ್ಮಾ."

ತಬ್ರೇಜ ಅಳುತ್ತಿದ್ದ. ಬರಿಗಾಲಿನ ಚಾಲಕ ಇಳಿದು ಬಂದು ಇಳಿಯುತ್ತಿದ್ದ ಸೂರ್ಯನ ಕಡೆ ಕೈ ತೋರಿಸಿದ. ಅವನ ಮಾತು ಚಾಚಿಗೆ ತಿಳಿಯಲಿಲ್ಲ, ಕೈ ತಿಳಿಯಿತು. ಅವಳು ಮಗಳ ಬೆರಳುಗಳನ್ನು ಒಂದೊಂದಾಗಿ ಕಂಬದಿಂದ ಬಿಡಿಸಿದಳು.

"ದಾಟು ನನ್ನವ್ವಾ. ನಾನಽ ಹೇಳಾಕತ್ತೇನಿ, ದಾಟು. ಏನರ ಆದ್ರ ನನ್ನ ಮ್ಯಾಲ ಬರ್ಲಿ."

ಕೊನೆಯ ಬೆರಳು ಬಿಟ್ಟಿತು. ವಿಮಾನ ನೀರು ಸೀಳಿಕೊಂಡು ಓಡಿ ಎದ್ದಿತು. ಎಲ್ಲಿ ಹೋಯಿತೆಂದು ಚಾಚಿಗೆ ಕಾಣಲಿಲ್ಲ, ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಯಾರ ಬಾಣಂತನಕ್ಕೆಂದು ಅಷ್ಟು ದೂರ ಬಂದಿದ್ದಳೋ ಅವಳನ್ನು ಕಳಿಸಿ, ಕನ್ನಡ ತಿಳಿಯದ ಊರಿನ ಕಟ್ಟೆಯ ಮೇಲೆ ಒಬ್ಬಳೇ ನಿಂತಳು.

ಮರುದಿನ ತಬ್ರೇಜ ಫೋನ್ ಮಾಡಿದ. "ಅಮ್ಮಾ, ನಿಷತ ಉಳಿದಾಳ. ಕೂಸು ಹೋತು. ಹೆಣ್ಣಿತ್ತು," ಎಂದ.

ಗಾಳಿ ನಿಲ್ಲಲಿಲ್ಲ, ವಿಮಾನ ಬರಲಿಲ್ಲ. ಚಾಚಿ ದಿನಾ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಅನ್ನ ತಂದು ಮುಂದಿಟ್ಟು, ತಲೆ ಸವರಿ ಹೋಗುತ್ತಿದ್ದಳು. ಅಷ್ಟು ದಿನ ಬಸ್ಸಿನಲ್ಲಿ, ಪಡಸಾಲೆಯಲ್ಲಿ, ಎಲ್ಲೆಂದರಲ್ಲಿ ಬರುತ್ತಿದ್ದ ನಿದ್ದೆ ಅಲ್ಲಿ ಮಾತ್ರ ಹತ್ತಿರ ಸುಳಿಯಲಿಲ್ಲವಂತೆ. ಗಾಳಿ ಇಳಿದ ಮೇಲೆ ವಿಮಾನ ಬಂತು. ಎಣ್ಣೆಯ ಡಬ್ಬಿ, ಉಂಡಿಯ ಡಬ್ಬಿ ಎತ್ತಿಕೊಂಡಳು. ಕುಬ್ಬಸಗಳನ್ನು ಅಲ್ಲೇ ಪೆಟ್ಟಿಗೆಯೊಳಗೆ ಬಿಟ್ಟಳು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಹೈದರಾಬಾದಿನವಳು. ಚಾಚಿಗೆ ತಿಳಿಯುವ ಮಾತಿನಲ್ಲೇ ಹೇಳಿದಳು, ಬೈಯಲಿಲ್ಲ. ಮೊದಲು ಹಿಡಿದಿದ್ದ ಸೀಟಿನಲ್ಲಿ ಬಂದು ಇಲ್ಲೇ ಇದ್ದಿದ್ದರೆ, ರಕ್ತ ಕಂಡ ಗಳಿಗೆಯಲ್ಲೇ ಕೂಸನ್ನು ತೆಗೆಯುತ್ತಿದ್ದೆವು, ಇವತ್ತು ಅದು ತಾಯಿಯ ಪಕ್ಕದಲ್ಲಿ ಇರುತ್ತಿತ್ತು ಎಂದಳು. "ಬೈದಿದ್ರ ಛಲೋ ಇತ್ತ್ರಿ ಅಕ್ಕೋರ," ಎಂದು ಚಾಚಿ ನನಗೆ ಹೇಳಿದಳು.

ಆಸ್ಪತ್ರೆಯ ಹತ್ತಿರವೇ ತಬ್ರೇಜ ಒಂದು ಕೋಣೆ ಹಿಡಿದಿದ್ದ. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಎದೆ ಹಾಲು ಕಟ್ಟಿ ಕಲ್ಲಾಗಿತ್ತು, ಚಾಚಿ ಬಟ್ಟೆ ಬಿಗಿದು ಕಟ್ಟಿದಳು. ಹೊಲಿಗೆ ಒಣಗಿದ ಮೇಲೆ ಗ್ಯಾಸಿನ ಮೇಲೆ ನೀರು ಕಾಯಿಸಿ ತಲೆಗೆ ಎಣ್ಣೆ ಹಚ್ಚಿ ಎರೆಯತೊಡಗಿದಳು. ಎಷ್ಟು ಜನರಿಗೆ ಮಾಡಿದ ಕೆಲಸ! ನಿಷತ ಮಾತಾಡುತ್ತಿರಲಿಲ್ಲ, ಉಂಡಿ ಕೊಟ್ಟರೆ ತಿನ್ನುತ್ತಿದ್ದಳು, ಮಲಗೆಂದರೆ ಮಲಗುತ್ತಿದ್ದಳು.

ಒಂದು ದಿನ ಎರೆಸಿಕೊಂಡು, ಕೂದಲು ಒರೆಸಿಕೊಳ್ಳುತ್ತ ಅವಳೇ ಬಾಯಿ ಬಿಟ್ಟಳು.

"ನೀ ಹೇಳಿದ್ದು ಖರೆ ಆತಮ್ಮಾ. ನಾ ನೀರು ದಾಟಬಾರದಾಗಿತ್ತು. ದಾಟಿದೆ, ಕೂಸು ಹೋತು. ನೀನರ ಏನ್ ಮಾಡ್ತಿ, ಎಲ್ಲಾರೂ ಕಳಸು ಕಳಸು ಅಂತ ಮುಂದ ನಿಂತಿದ್ರು."

ಇಲ್ಲಿ ನಾನು ಚಾಚಿಯನ್ನು ನಡುವೆ ತಡೆದು ಕೇಳಿದ್ದೆ, ನಿನಗೆ ಸುಮ್ಮನಿರಬೇಕು ಅನ್ನಿಸಲಿಲ್ಲವಾ ಎಂದು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಮಗಳ ಕಣ್ಣಿನಲ್ಲಿ ಅವಳು ದೊಡ್ಡವಳಾಗಿಯೇ ಉಳಿಯುತ್ತಿದ್ದಳು, ಹೇಳಿದ ಮಾತು ನಿಜವಾದ ತಾಯಿ. ಇರುವವಳು ಒಬ್ಬಳೇ ಮಗಳು. ಚಾಚಿ ನನ್ನ ಮುಖ ನೋಡಿ, "ಅನಸ್ತ್ರಿ. ಯಾಕ ಸುಳ್ಳು ಹೇಳ್ಲಿ? ಆ ಟಾವೆಲ್ ಒಣಗಿಸೂತನಕ ಸುಮ್ಮನಽ ಇದ್ದೆ," ಎಂದಳು.

ಟವೆಲ್ ಹಗ್ಗಕ್ಕೆ ಹಾಕಿ ಬಂದು ಮಗಳೆದುರು ಕೂತಳು.

"ನೀ ದಾಟಿದ್ದಕ್ಕ ಹೋಗಿಲ್ಲವ್ವಾ. ದಾಟೂ ಹೊತ್ತಿನ್ಯಾಗ ನಾ ತಡದೆ, ಅದಕ್ಕ ಹೋತು. ಸೀಟು ಹಿಡದಿದ್ರಲ್ಲ, ಅವತ್ತಽ ಬಂದಿದ್ರ ನಿನ್ನ ಕೂಸು ಇರ್ತಿತ್ತು. ಡಾಕ್ಟರಮ್ಮ ಹೇಳ್ಯಾಳ. ನಿಂದೇನೂ ತಪ್ಪಿಲ್ಲ. ನಂದು."

ನಿಷತ ಗೋಡೆಯ ಕಡೆ ಹೊರಳಿ ಮಲಗಿದಳು. ಅವತ್ತು ಉಂಡಿ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ, ತಬ್ರೇಜ ಕರೆದರೂ ಓ ಅನ್ನಲಿಲ್ಲ. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಬೆಳಗಾಯಿತು. ಚಾಚಿ ಎದ್ದು ಗ್ಯಾಸ್ ಹಚ್ಚಿ ನೀರಿಟ್ಟಳು, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ನೀರು ಕಾಯಿತು. ಎಣ್ಣೆ ಬೆಚ್ಚಗಾಯಿತು. ಕಾದ ನೀರನ್ನು ಬಕೀಟಿಗೆ ಸುರಿದು, ಮಗಳನ್ನು ಕರೆಯದೆ ಬಚ್ಚಲಲ್ಲಿ ಗೋಡೆಗೆ ಆತು ನಿಂತಳು. ಇನ್ನು ಊರಿಗೆ ಹೋಗು ಅಂದರೆ ಹೋಗುವುದು, ಹೋಗಲು ಮತ್ತೆ ನೀರು ದಾಟುವುದು, ಇಷ್ಟೇ ತಲೆಯಲ್ಲಿ ಸುತ್ತುತ್ತಿತ್ತಂತೆ. ನೀರಿನ ಹಬೆ ಸಣ್ಣಗಾಗುತ್ತ ಬಂತು.

ಹಿಂದೆ ಪ್ಲಾಸ್ಟಿಕ್ ಸ್ಟೂಲು ಎಳೆದ ಸದ್ದಾಯಿತು. ನಿಷತ ಬಂದು ತಾಯಿಗೆ ಬೆನ್ನು ಮಾಡಿ ಕೂತಿದ್ದಳು. ಮುಖ ತೋರಿಸಲಿಲ್ಲ. ತುರುಬು ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಬಿಟ್ಟಳು.

"ನೀರು ಆರಾಕತ್ತೈತಿ," ಎಂದಳು. "ಎರಿ."